ಎಕ್ಕದ ಗಿಡದ ಮನೆಯ ಓನರು

ನಮ್ಮ ಮನೆ ಓನರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಮೇಲಿನ ಅಂಚು ತಲೆಗೆ ಅಂಟಿಕೊಂಡು, ಮಗ್ಗುಲಾಗಿ ಮಲಗಿ ಈಗಷ್ಟೇ ಎದ್ದವರ ಕಿವಿಯ ಹಾಗೆ ಸದಾ ಕೆಂಪಗಿರುತ್ತಿತ್ತು. ಕುಣಿಗಲ್‌ನಲ್ಲಿ ಪಶುವೈದ್ಯರಾಗಿ ಕೆಲಸಕ್ಕೆ ಸೇರಿ ಗುಬ್ಬಿ ತಾಲ್ಲೂಕಿನಲ್ಲಿ ರಿಟೈರ್ ಆಗುವ ತನಕ ಅವರು ಆ ಕಿವಿಯನ್ನು ಎಷ್ಟು ದನಗಳ ಪಕ್ಕೆಗೆ ಒತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಬ್ಯಾಗಿನಲ್ಲಿ ಸ್ಟೆತಾಸ್ಕೋಪ್ ಇರುತ್ತಿತ್ತಂತೆ, ಆದರೆ ಅದು ಹೊರಗೆ ಬರುತ್ತಿದ್ದುದು ಕಡಿಮೆ. "ಅದನ್ನ ಕಂಡ್ರೆ ದನಕ್ಕೆ ಗಾಬರಿ ಟೀಚರಮ್ಮ. ಗಾಬರಿ ಬಿದ್ದ ಎದೆ ನಿಜ ಹೇಳಲ್ಲ" ಎನ್ನುತ್ತಿದ್ದರು.

ಟೀಚರಮ್ಮ ಅಂದರೆ ನಾನು. ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ನಾನೂ ನನ್ನ ಗಂಡನೂ ಮೊದಲ ಸಲ ಅವರ ಗೇಟು ತಳ್ಳಿದಾಗ, ಉಳಿದ ಓನರುಗಳೆಲ್ಲ ಕೇಳುವ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡೇ ಹೋಗಿದ್ದೆವು. ಅವರು ಯಾವುದನ್ನೂ ಕೇಳಲಿಲ್ಲ. ಗೇಟಿನ ಪಕ್ಕದಲ್ಲಿ ಆಳೆತ್ತರ ಬೆಳೆದಿದ್ದ ಬಿಳಿ ಎಕ್ಕದ ಗಿಡ ತೋರಿಸಿ, "ಇದನ್ನ ಕಂಡ್ರೆ ನಿಮಗೆ ಆಗುತ್ತಾ?" ಎಂದರು. ಆಗುತ್ತೆ ಎಂದೆವು. ಆಮೇಲೆ ಕಂಡೀಷನ್‌ಗಳು ಬಂದವು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಸಂಪಿನ ಮೋಟರ್ ಸ್ವಿಚ್ ಅವರೊಬ್ಬರೇ ಹಾಕಬೇಕು, ಎಕ್ಕದ ಗಿಡದಿಂದ ಅವರನ್ನು ಕೇಳದೆ ಒಂದು ಎಲೆಯನ್ನೂ ಕೀಳುವಂತಿಲ್ಲ. ಅಡ್ವಾನ್ಸ್ ವಿಚಾರ ಕೊನೆಗೆ ಅವರ ಹೆಂಡತಿ ನೆನಪಿಸಿದ ಮೇಲೆ ಬಂತು.

ನಮ್ಮಮ್ಮ ಮನೆ ನೋಡಲು ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. "ಆಗದೋರ್ನ ಎಕ್ಕುಟ್ಟೋಗ್ಲಿ ಅಂತ ಬೈಯ್ತಾರೆ ಕಣೇ. ನೀನು ದುಡ್ಡು ಕೊಟ್ಟು ಎಕ್ಕದ ಪಕ್ಕ ಬಂದು ಕೂತಿದೀಯಲ್ಲ" ಅಂದಳು. ಓನರು ಅದನ್ನು ಕೇಳಿಸಿಕೊಂಡು ಜಗುಲಿಯಿಂದಲೇ ನಕ್ಕರು. "ಹಾಳು ಬಿದ್ದ ಜಾಗಕ್ಕೂ ಯಾರಾದ್ರೂ ಬಂದು ಇರ್ಬೇಕಲ್ಲಮ್ಮ, ಇದು ಬಂದು ಇರುತ್ತೆ" ಎಂದರು. ಅಮ್ಮನಿಗೆ ಸಮಾಧಾನವಾಗಲಿಲ್ಲ, ಆದರೆ ಬಿಳಿ ಎಕ್ಕ ಗಣಪತಿಗೆ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಬಂದಳು.

ರಥಸಪ್ತಮಿಯ ಹಿಂದಿನ ಸಂಜೆ ನಮ್ಮ ಬೀದಿಯವರಿಗೆಲ್ಲ ಓನರೇ ದೊಡ್ಡ ಮನುಷ್ಯರು. ತಲೆ, ಭುಜದ ಮೇಲೆ ಇಟ್ಟುಕೊಂಡು ಸ್ನಾನ ಮಾಡಲು ಏಳೇಳು ಎಕ್ಕದ ಎಲೆ ಬೇಕಲ್ಲ, ಅದಕ್ಕೆ ಎಲ್ಲರೂ ಈ ಗೇಟಿಗೇ ಬರಬೇಕು. ಓನರು ಕುರ್ಚಿ ಹಾಕಿಕೊಂಡು ಕೂತು ತಾವೇ ಬಿಡಿಸಿ ಕೊಡುತ್ತಿದ್ದರು. ಚಿಟ್ಟೆ ಮೊಟ್ಟೆ ಇಟ್ಟ ಎಲೆಗಳಿಗೆ ಮೊದಲೇ ಹಳದಿ ದಾರ ಕಟ್ಟಿರುತ್ತಿದ್ದರು. ಯಾರಾದರೂ ಆ ಎಲೆಗೆ ಕೈ ಹಾಕಿದರೆ, "ಅವು ಬುಕ್ ಆಗಿವೆ, ಬೇರೆದು ನೋಡಿ" ಎನ್ನುವರು. ಎಲೆ ತೆಗೆದುಕೊಂಡವರು ಹೊರಡುವ ಮುಂಚೆ ನಲ್ಲಿಯಲ್ಲಿ ಕೈ ತೊಳೆಯಬೇಕು, ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳ ಕೈಗೆ ಕೊಡಬಾರದು. ಇಷ್ಟು ಉಪದೇಶ ಕೇಳಿಸಿಕೊಳ್ಳದೆ ನಮ್ಮ ಬೀದಿಯಲ್ಲಿ ಯಾರ ರಥಸಪ್ತಮಿಯೂ ಆಗುತ್ತಿರಲಿಲ್ಲ.

ಆ ಗಿಡಕ್ಕೆ ಬರುತ್ತಿದ್ದುದು ಕಿತ್ತಳೆ ಬಣ್ಣದ, ರೆಕ್ಕೆಯ ತುದಿಯಲ್ಲಿ ಕಪ್ಪು ಬಿಳಿ ಇರುವ ಚಿಟ್ಟೆ. ಎಲ್ಲರೂ ನೋಡಿರುವಂಥದ್ದೇ. ಅದರ ಹುಳ ಬಿಳಿ, ಕಪ್ಪು, ಹಳದಿ ಪಟ್ಟೆ ಹೊದ್ದುಕೊಂಡು ಎಕ್ಕದ ಎಲೆಯನ್ನು ಬಿಟ್ಟರೆ ಬೇರೇನೂ ಬೇಡ ಎನ್ನುವಂತೆ ಮೇಯುತ್ತಿತ್ತು. ನಾನು ವಿಜ್ಞಾನದ ಟೀಚರು, ಚಿಟ್ಟೆಯ ಜೀವನಚಕ್ರವನ್ನು ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆಯುವವಳು. ಆದರೆ ಹುಳ ಎಲೆ ತಿನ್ನುವ ಮುಂಚೆ ಅದರ ನರವನ್ನು ಕಚ್ಚಿ, ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ಮುಂದಕ್ಕೆ ಹೋಗಿ ಮೇಯುವುದನ್ನು ನಾನು ಕಣ್ಣಾರೆ ನೋಡಿದ್ದು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು. "ಅಷ್ಟು ಹಾಲು ಬಂದ್ರೆ ಬಾಯಿ ಅಂಟ್ಕೊಂಡ್ಬಿಡುತ್ತೆ, ಅದಕ್ಕೆ. ವಿಷಕ್ಕಲ್ಲ. ವಿಷ ಅದಕ್ಕೆ ಬೇಕು" ಎಂದರು ಓನರು.

ಆ ವಿಷ ಎಂಥದ್ದು ಎಂದು ಅವರು ಹೇಳುತ್ತಿದ್ದ ರೀತಿಯೇ ಬೇರೆ. ಜೀವಕೋಶದ ಬಾಗಿಲಲ್ಲಿ ಒಂದು ಪಂಪು ಇದೆ, ಒಳಗೆ ಸೇರಿದ ಉಪ್ಪನ್ನು ಎತ್ತಿ ಹೊರಗೆ ಹಾಕುವುದು ಅದರ ಕೆಲಸ. ಎಕ್ಕದ ಹಾಲು, ಕಣಗಿಲೆ ಎಲೆ ಹೊಟ್ಟೆಗೆ ಹೋದರೆ ಅವುಗಳ ವಿಷ ಬಂದು ಆ ಪಂಪಿನ ಮೇಲೆ ಕೂತುಬಿಡುತ್ತದೆ. ಪಂಪು ನಿಂತ ಕಡೆ ಎದೆಗೆ ದಿಕ್ಕು ತಪ್ಪುತ್ತದೆ. ಇಷ್ಟು ಹೇಳಿ ಸಂಪಿನ ಕಡೆ ಬೆರಳು ತೋರಿಸಿ, "ಅದಕ್ಕೇ ಮೋಟರ್ ಸ್ವಿಚ್ಚು ಯಾರ್ ಕೈಗೂ ಕೊಡಲ್ಲ ನಾನು" ಎನ್ನುವರು. ಹುಳದ ಮೈಯಲ್ಲಿ ಆ ಪಂಪಿನ ಬೀಗ ಒಂಚೂರು ಬದಲಾಗಿದೆಯಂತೆ. ಎಷ್ಟೋ ತಲೆಮಾರುಗಳಲ್ಲಿ ಬದಲಾಗುತ್ತಾ ಬಂದು, ಈಗ ವಿಷದ ಕೀಲಿಕೈ ಅದಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಹುಳ ಆ ವಿಷವನ್ನು ಮೈಯಲ್ಲೇ ಇಟ್ಟುಕೊಂಡು ಚಿಟ್ಟೆಯಾಗುತ್ತದೆ. ಆಮೇಲೆ ಅದನ್ನು ತಿನ್ನಲು ಬಂದ ಹಕ್ಕಿ ಒಂದೇ ಸಲಕ್ಕೆ ಬುದ್ಧಿ ಕಲಿಯುತ್ತದೆ.

ಒಂದು ಮಳೆಗಾಲದ ಸಂಜೆ ಎದುರು ಮನೆಯವರ ಬಿಳಿ ಪಮೇರಿಯನ್ ನಾಯಿ ನೆಲಗಪ್ಪೆಯೊಂದನ್ನು ಬಾಯಿಗೆ ಹಾಕಿಕೊಂಡು, ಉಗುಳಿ, ನೊರೆ ಸುರಿಸುತ್ತಾ ಗಿರಗಿರನೆ ತಿರುಗುತ್ತಿತ್ತು. ಓನರು ಪಂಚೆ ಎತ್ತಿ ಕಟ್ಟಿ, ತಾವೇ ಮೋಟರ್ ಹಾಕಿ, ಪೈಪು ಎಳೆದುಕೊಂಡು ಓಡಿದರು. ನಾಯಿಯ ಮೂತಿಯನ್ನು ತಗ್ಗಿಸಿ ಹಿಡಿದು, ನೀರು ಗಂಟಲಿಗೆ ಇಳಿಯದ ಹಾಗೆ ಬಾಯಿ ತೊಳೆದರು. ಆಮೇಲೆ ಎಂದಿನಂತೆ ಅದರ ಪಕ್ಕೆಗೆ ಕಿವಿ ಒತ್ತಿ ಬಹಳ ಹೊತ್ತು ಕೂತರು. ನಾಯಿ ಉಳಿಯಿತು. ಕಪ್ಪೆಯೂ ಕುಪ್ಪಳಿಸಿಕೊಂಡು ಮೋರಿಗೆ ಹೋಯಿತು. ಕಿವಿಗೆ ಅಂಟಿದ ಬಿಳಿ ಕೂದಲು ಒರೆಸಿಕೊಳ್ಳುತ್ತಾ ಅವರು ನನಗೆ ಹೇಳಿದ್ದು ಈಗಲೂ ಪಾಠ ಮಾಡುವಾಗ ನೆನಪಾಗುತ್ತದೆ. "ಎಕ್ಕಕ್ಕೂ ಕಪ್ಪೆಗೂ ಏನ್ ನೆಂಟಸ್ತನ ಹೇಳಿ? ಒಂದು ಗಿಡ, ಒಂದು ಪ್ರಾಣಿ. ಆದ್ರೆ ತಿನ್ನೋಕೆ ಬಂದೋನ ಎದೆ ಬಾಗ್ಲು ಎಲ್ಲಿದೆ ಅಂತ ಎರಡಕ್ಕೂ ಗೊತ್ತಾಗೋಗಿದೆ. ಬೇರೆ ಬೇರೆ ದಾರೀಲಿ ಬಂದು ಒಂದೇ ಬಾಗ್ಲು ತಟ್ತವೆ."

ಇಷ್ಟೆಲ್ಲ ನಗುನಗುತ್ತಾ ಹೇಳುತ್ತಿದ್ದವರು ಕಣಗಿಲೆಯ ಮಾತು ಬಂದರೆ ಮಾತ್ರ ಮುಖ ಗಂಟಿಕ್ಕುತ್ತಿದ್ದರು. ಕೋರದ ಕಡೆ ಹೈವೇಯಲ್ಲಿ ಸ್ಕೂಟರಿನಲ್ಲಿ ಹೋಗುವಾಗ, ಡಿವೈಡರಿನ ಮಧ್ಯೆ ಸಾಲಾಗಿ ಅರಳಿದ ಕಣಗಿಲೆಯನ್ನು ಉಳಿದವರು ಚೆಂದ ಎಂದು ನೋಡಿದರೆ, ಇವರು, ಸವರಿ ಹಾಕಿದ ಕೊಂಬೆ ಪಕ್ಕದಲ್ಲಿ ಎಲ್ಲಾದರೂ ಬಿದ್ದಿದೆಯಾ, ಹತ್ತಿರದಲ್ಲಿ ಮೇಕೆ ದನ ಇವೆಯಾ ಎಂದು ನೋಡುವರು. ಅದರ ಹಿಂದೆ ಸಿ.ಎಸ್. ಪುರದ ಒಂದು ಹಸು ಇತ್ತು.

ಆ ಹಸುವಿನ ಕಥೆಯನ್ನು ಅವರು ನನಗೆ ಹಲವು ಸಲ ಹೇಳಿದ್ದರು. ಭಕ್ತಿವಂತ ಮುದುಕಿಯೊಬ್ಬರ ಹಸು. ಶುಕ್ರವಾರ ದೇವರಿಗೆ ಹಾಕಿದ ಹಾರವನ್ನು ಶನಿವಾರ ಬೆಳಿಗ್ಗೆ ಹಸುವಿಗೆ ತಿನ್ನಿಸುವುದು ಅವರ ಮನೆಯ ಪದ್ಧತಿ. ನಿರ್ಮಾಲ್ಯವನ್ನು ತುಳಿಯುವ ಕಡೆ ಎಸೆಯಬಾರದು, ಗೋವಿನ ಬಾಯಿಗೆ ಹೋದರೆ ಪುಣ್ಯ. ಸೇವಂತಿಗೆಯ ಹಾರ ಇರುವಷ್ಟು ದಿನ ಏನೂ ಆಗಲಿಲ್ಲ. ಒಂದು ಸಲ ಹಿತ್ತಿಲಿನ ಕೆಂಪು ಕಣಗಿಲೆಯನ್ನು ಎಲೆ ಸಮೇತ ಒತ್ತಾಗಿ ಕಟ್ಟಿ ಹಾರ ಮಾಡಿದ್ದರು. ಓನರು ಹೋಗುವ ಹೊತ್ತಿಗೆ ಹಸು ಮಲಗಿತ್ತು. "ಕಿವಿ ಇಟ್ಟೆ. ಎರಡು ಹೊಡ್ಕೊಳ್ಳೋದು, ನಿಲ್ಲೋದು, ಆಮೇಲೆ ಅವಸರದಲ್ಲಿ ನಾಕು ಹೊಡ್ಕೊಳ್ಳೋದು. ನನ್ನ ಕೈಲಿ ಇದ್ದಿದ್ದೆಲ್ಲ ಕೊಟ್ಟೆ. ಕಿವಿ ತೆಗೀಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಕಿವಿಯೊಳ್ಗೇ ನಿಂತೋಯ್ತು" ಎನ್ನುತ್ತಿದ್ದರು. ಆ ಮುದುಕಿಗೆ ಕಾರಣ ಹೇಳಲು ಅವರಿಗೆ ಬಾಯಿ ಬರಲಿಲ್ಲವಂತೆ. ಹೇಳದಿದ್ದರೆ ಮುಂದಿನ ಹಸುವಿಗೂ ಹಾರ ತಿನ್ನಿಸುತ್ತಾರಲ್ಲ ಎಂದು ಮಾರನೆಯ ದಿನ ಮತ್ತೆ ಹೋಗಿ, "ಅವ್ವ, ದೇವ್ರಿಗೆ ಕೊಟ್ಟಿದ್ದು ಗಿಡದ ಬುಡಕ್ಕೆ ಹಾಕಿ, ದನಕ್ಕೆ ಹುಲ್ಲು ಹಾಕಿ" ಎಂದಷ್ಟೇ ಹೇಳಿ ಬಂದರಂತೆ. ದನ ಎಕ್ಕವನ್ನು ಮೂಸಿ ಬಿಟ್ಟುಬಿಡುತ್ತದೆ, ಆದರೆ ಹಾರವನ್ನು ಸಾಕಿದವರೇ ಕೈಯಾರೆ ಕೊಟ್ಟರೆ ನಂಬಿ ತಿನ್ನುತ್ತದೆ ಎನ್ನುವುದು ಅವರಿಗೆ ಕೊನೆಯವರೆಗೂ ನುಂಗಲಾಗದ ಸಂಗತಿಯಾಗಿತ್ತು.

ಇಂಥ ಮನುಷ್ಯರಿಗೇ ಹಾರ್ಟ್ ಡಾಕ್ಟರು ಆ ಮಾತ್ರೆ ಬರೆದುಕೊಟ್ಟರು.

ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ, ಕಾಲಲ್ಲಿ ಬಾವು. ಎದೆ ಹೇಗೆಂದರೆ ಹಾಗೆ ಬಡಿದುಕೊಳ್ಳುತ್ತಿದೆ, ಅದನ್ನು ನಿಧಾನ ಮಾಡಿ ಗಟ್ಟಿಯಾಗಿ ಬಡಿಯುವಂತೆ ಮಾಡಬೇಕು ಎಂದು ಡಾಕ್ಟರು ಬೇರೆ ಔಷಧಿಗಳ ಜೊತೆ ಒಂದು ಸಣ್ಣ ಮಾತ್ರೆ ಕೊಟ್ಟಿದ್ದರು. ಓನರು ಚೀಟಿ ಓದಿದವರೇ ಆ ಮಾತ್ರೆಯ ಸ್ಟ್ರಿಪ್ಪನ್ನು ಹೆಂಡತಿಯ ಕೈಗೆ ಕೊಟ್ಟು, ಇದೊಂದನ್ನು ಬಿಟ್ಟು ಉಳಿದದ್ದು ತೆಗೆದುಕೊಳ್ಳುತ್ತೇನೆ ಎಂದುಬಿಟ್ಟರು. ಯಾವುದೋ ಚಳಿ ದೇಶದ ಹೂವಿನ ಗಿಡದಿಂದ ತೆಗೆದದ್ದು ಅದು. ಎಕ್ಕ, ಕಣಗಿಲೆ, ಕಪ್ಪೆಯ ವಿಷದ ದಾಯಾದಿ.

ಆಂಟಿ, ಅಂದರೆ ಅವರ ಹೆಂಡತಿ, ಬೇಡಿಕೊಂಡರು. ಕುಣಿಗಲ್‌ನಿಂದ ಮಗಳು ಬಂದು ಜಗಳ ಆಡಿ ಹೋದಳು. ಕೊನೆಗೆ ಆಂಟಿ ಮೇಲೆ ನಮ್ಮ ಮನೆಗೆ ಬಂದು, "ನಿಮ್ಮ ಮಾತು ಕೇಳ್ತಾರೆ, ನೀವಾದ್ರೂ ಹೇಳಿ ಟೀಚರ್. ಹಿಂಗೇ ಬಿಟ್ರೆ ಇವ್ರು ಉಳಿಯಲ್ಲ ಅಂತ ಡಾಕ್ಟ್ರು ನನ್ನ ಮುಂದೇನೇ ಅಂದ್ರು" ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ನಾನು ಸಂಜೆ ಗುಬ್ಬಿಯಿಂದ ಬಂದು ಬ್ಯಾಗು ಕೂಡ ಇಳಿಸದೆ ಎಕ್ಕದ ಗಿಡದ ಹತ್ತಿರ ಹೋದೆ. ಅವರು ಹುಳ ನೋಡುತ್ತಾ ಕೂತಿದ್ದರು.

"ಸಾರ್, ಮಾತ್ರೆ ಯಾಕೆ ಬೇಡ?"

"ಯಾವ್ದನ್ನ ದನದ ಬಾಯಿಂದ ಎಳ್ದು ಎಳ್ದು ತೆಗ್ದಿದೀನೋ ಅದನ್ನ ನಾನೇ ಬಾಯಿಗೆ ಹಾಕ್ಕೊಳ್ಳಾ?"

"ಹುಳ ದಿನಾ ತಿನ್ನುತ್ತಲ್ಲ ಸಾರ್."

"ಹುಳದ್ದು ಬೀಗ ಬದ್ಲಾಗಿದೆ ಟೀಚರಮ್ಮ. ನಂದು ಹಳೇ ಬೀಗ."

ನಾನು ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. "ಹಳೇ ಬೀಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ರೆ ಸಲೀಸಾಗುತ್ತೆ ಸಾರ್. ಡಬ್ಬ ಸುರುದ್ರೆ ಕೆಡುತ್ತೆ. ಯಾವ್ದು ವಿಷ ಅಂತ ಕೇಳ್ಬೇಡಿ, ಯಾರಿಗೆ, ಎಷ್ಟು ಅಂತ ಕೇಳಿ ಅಂತ ನೀವೇ ತಾನೆ ನಮ್ಮ ಬೀದಿಯೋರಿಗೆಲ್ಲ ಹೇಳೋದು?"

ಅವರು "ಮೋಟರ್ ಹಾಕ್ಬೇಕು" ಎಂದು ಎದ್ದು ಹೋದರು. ನನ್ನ ಕೈಯಲ್ಲಿ ಆಗಲಿಲ್ಲ ಎಂದು ಆಂಟಿಗೆ ಹೇಳಿ ನಾನೂ ಮೇಲೆ ಹೋದೆ.

ಆದರೆ ಆ ಮಳೆಗಾಲದಲ್ಲಿ ಅವರು ಚೇತರಿಸಿಕೊಂಡರು. ಕಾಲಿನ ಬಾವು ಇಳಿಯಿತು, ಉಬ್ಬಸ ಕಡಿಮೆಯಾಯಿತು, ಮಹಡಿಗೆ ಬಂದು ನಮ್ಮ ಸಿಂಕಿನ ಪೈಪು ಸೋರುತ್ತಿದೆಯೇ ಎಂದು ನೋಡಿ ಹೋಗುವಷ್ಟಾದರು. ಮಾತ್ರೆ ಇಲ್ಲದೆಯೇ ಹೇಗೆ ಎಂದು ನನಗೆ ಆಶ್ಚರ್ಯ. ಆಂಟಿಯನ್ನು ಕೇಳಿದರೆ ದೇವರ ದಯೆ ಎಂದು ಮಾತು ಹಾರಿಸಿದರು. ಓನರನ್ನು ಕೇಳಿದರೆ ಅವರೂ ಆಕಾಶ ನೋಡಿದರು. ಗೌರಿ ಹಬ್ಬ ಹತ್ತಿರ ಬರುವಾಗ ಮತ್ತೆ ಮಂಕಾದರು. ಮುದ್ದೆ ಸೇರುವುದಿಲ್ಲ, ಹುರುಳಿಕಾಳಿನ ಬಸ್ಸಾರು ಅಂದರೆ ಪ್ರಾಣ ಬಿಡುವವರು ತಟ್ಟೆ ಸರಿಸಿ ಏಳುತ್ತಿದ್ದರು. "ನನ್ನ ಕೈ ಅಡುಗೆ ಇಷ್ಟು ವರ್ಷಕ್ಕೆ ಸಾಕಾಯ್ತಂತೆ ಇವ್ರಿಗೆ" ಎಂದು ಆಂಟಿ ನನ್ನ ಹತ್ತಿರ ಮುನಿಸಿಕೊಂಡರು.

ಹಬ್ಬಕ್ಕೆ ಮುಂಚೆ ಮನೆಗೆ ಪೇಂಟ್ ಮಾಡಿಸುವುದೆಂದು ಕೋರದ ಕಡೆಯ ಪೇಂಟರನ್ನು ಕರೆಸಿದ್ದರು. ಬಣ್ಣ ಬಿಳಿ. ಗೋಡೆಯ ಮೇಲೆ ಚಿಟ್ಟೆಯ ಗೂಡು ಕಂಡರೆ ಅಲ್ಲಿಗೆ ಬ್ರಷ್ ತಾಗಿಸಬಾರದು ಎಂದು ಮೊದಲೇ ಕಂಡೀಷನ್. ಭಾನುವಾರ ಬೆಳಿಗ್ಗೆ ಕೆಳಗೆ ಜೋರು ದನಿ ಕೇಳಿ ನಾನು ಇಳಿದು ಹೋದೆ. ಪೇಂಟರ್ ಏಣಿಯ ಮೇಲೆ, ಓನರು ಏಣಿಯ ಕೆಳಗೆ.

"ಬಿಳಿ ಅಂದ್ರೆ ಕೆನೆ ಬಣ್ಣ ಬಳ್ದಿದೀಯಲ್ಲಯ್ಯ. ಇದನ್ನ ಅಳಸಿ ಮತ್ತೆ ಹೊಡಿ."

"ಅಯ್ಯೋ ಬುಡಿ ಡಾಕ್ಟ್ರೇ, ಡಬ್ಬದ ಮ್ಯಾಲೆ ವೈಟ್ ಅಂತ್ಲೇ ಬರ್ದವ್ರೆ. ನನ್ ಕಣ್ಗೂ ವೈಟೇ ಕಾಣ್ತಾ ಐತೆ."

ಓನರು ನನ್ನ ಕಡೆ ತಿರುಗಿದರು. "ಬನ್ನಿ ಟೀಚರಮ್ಮ. ನೀವು ಹೇಳಿ, ಇದು ಏನ್ ಬಣ್ಣ?"

"ಬಿಳಿ ಸಾರ್."

"ಸರ್ಯಾಗಿ ನೋಡಿ."

"ಬಿಳೀನೇ ಸಾರ್."

ಅವರು ನನ್ನ ಮುಖವನ್ನೇ ನೋಡಿದರು. ನಾನು ಪೇಂಟರನ ಪರ ವಹಿಸುತ್ತಿದ್ದೇನೆ ಎಂದು ಬೈಯಬಹುದು ಎಂದುಕೊಂಡೆ. ಅವರು ಎಕ್ಕದ ಗಿಡದ ಕಡೆ ಕೈ ತೋರಿಸಿ, "ಆ ಹೂ?" ಎಂದರು. ಬಿಳಿ ಎಂದೆ. "ನಿಮ್ಮ ದುಪಟ್ಟ?" ಅದೂ ಬಿಳಿಯೇ. ಅವರ ದನಿ ಇಳಿಯಿತು. ಎಡಗೈ ಮಣಿಕಟ್ಟಿನ ಮೇಲೆ ಬಲಗೈ ಬೆರಳು ಇಟ್ಟು, ಕಣ್ಣು ಮುಚ್ಚಿ ನಿಂತರು. ಪೇಂಟರ್ ಬ್ರಷ್ ಹಿಡಿದುಕೊಂಡು ಏಣಿಯ ಮೇಲೇ ಕಾಯುತ್ತಿದ್ದ.

"ಕುಣಿಗಲ್ ಕುದುರೆ ಆಗ್ಬುಟ್ಟಿದೀನಿ ಟೀಚರಮ್ಮ" ಎಂದರು ಕಣ್ಣು ತೆರೆದು.

ಕುಣಿಗಲ್‌ನಲ್ಲಿ ಇದ್ದಾಗ ಅಲ್ಲಿನ ಕುದುರೆ ಫಾರಂನಲ್ಲಿ ಸುಮ್ಮನೆ ನಿಂತ ಕುದುರೆಯ ಎದೆಗೆ ಕಿವಿಯಿಟ್ಟರೆ ಎರಡು ಬಡಿತದ ಮಧ್ಯೆ ನಮಗೇ ಉಸಿರು ಕಟ್ಟುವಷ್ಟು ಬಿಡುವು ಇರುತ್ತದೆ ಎಂದು ಅವರು ಹಿಂದೆ ಹೇಳಿದ್ದರು. ಅದು ನೆನಪಾಗಿ ನಾನು ಮೊದಲು ನಕ್ಕೆ. ಆಮೇಲೆ ಅವರು ಮೆಟ್ಟಿಲ ಮೇಲೆ ಕುಸಿದು ಕೂತದ್ದು ನೋಡಿ ನಗು ನಿಂತಿತು. ಅವರು ಹೆಂಡತಿಯನ್ನು ಕರೆದರು. ಆಂಟಿ ಹಿಟ್ಟಿನ ಕೈಯಲ್ಲೇ ಬಂದರು.

"ನೋಡು, ನಿಂಗೆ ಒಂದ್ ವಿಷ್ಯ ಹೇಳಿಲ್ಲ. ಆ ಮಾತ್ರೆ ತಗೊಳ್ತಾ ಇದೀನಿ ನಾನು. ಟೀಚರಮ್ಮ ಹೇಳಿದ ಮಾರನೇ ದಿನದಿಂದ್ಲೇ. ಬೇರೆ ಸ್ಟ್ರಿಪ್ ತಂದು ಸ್ಕೂಟರ್ ಡಿಕ್ಕಿಲಿ ಇಟ್ಕೊಂಡಿದೀನಿ. ಅಷ್ಟೆಲ್ಲ ಹಠ ಮಾಡಿ ಆಮೇಲೆ ನಿನ್ನ ಮುಂದೆ ನುಂಗೋಕೆ ನಾಚ್ಕೆ ಆಯ್ತು."

ಆಂಟಿ ಸ್ಕೂಟರಿನ ಕಡೆ ತಿರುಗಿ ನೋಡಿದರು.

"ಜಾಸ್ತಿ ಆದ್ರೆ ಅದು ಎದೆ ತೀರಾ ನಿಧಾನ ಮಾಡಿ, ಬಿಳೀನ ಹಳದಿ ತೋರ್ಸುತ್ತೆ. ಆದ್ರೆ ಒಂದು ಮಾತ್ರೆಗೆ ಇಷ್ಟು ಏರ್ಬಾರ್ದು. ಅದೇ ಗೊತ್ತಾಗ್ತಿಲ್ಲ" ಎಂದರು ಓನರು.

"ನೀವೇ ತಗೊಳ್ತಾ ಇದ್ರಾ?" ಎಂದರು ಆಂಟಿ. ಕೈಯಲ್ಲಿದ್ದ ಹಿಟ್ಟು ಉದುರುತ್ತಿತ್ತು. "ಅಯ್ಯೋ ದೇವ್ರೇ, ನಾನು ದಿನಾ ಪುಡಿ ಮಾಡಿ ನಿಮ್ಮ ರಾಗಿ ಮಾಲ್ಟಿಗೆ ಹಾಕ್ತಾ ಇದೀನಲ್ರೀ."

ಓನರು ಹೆಂಡತಿಯ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಅದಕ್ಕೇನಾ ಬೆಲ್ಲ ಜಾಸ್ತಿ ಇದ್ದಿದ್ದು" ಎಂದರು.

ಪೇಂಟರ್ ಏಣಿಯಿಂದ ಹಾರಿ ಇಳಿದ. ಅವನೂ ನನ್ನ ಗಂಡನೂ ಸೇರಿ ಅವರನ್ನು ನಮ್ಮ ಕಾರಿಗೆ ಕೂರಿಸಿದರು. ಓನರ ಅಂಗಿಯ ತೋಳಿನ ಮೇಲೆ ಪೇಂಟರನ ಐದು ಬೆರಳು ಬಿಳಿಯಾಗಿ ಮೂಡಿದ್ದವು. ನಾನು ಮುಂದೆ ಕೂತೆ. ಹಿಂದಿನ ಸೀಟಿನಲ್ಲಿ ಆಂಟಿ ಅಳಲಿಲ್ಲ, ದೇವರನ್ನು ಕೂಗಲಿಲ್ಲ. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಬಗ್ಗಿ, ಗಂಡನ ಎದೆಗೆ ತಮ್ಮ ಕಿವಿ ಒತ್ತಿದರು. ಅಷ್ಟು ವರ್ಷ ಅವರು ದನಕ್ಕೆ ಮಾಡುತ್ತಿದ್ದುದನ್ನು ನೋಡಿದ್ದರಲ್ಲ, ಹಾಗೇ.

"ಏನ್ ಕೇಳ್ಸುತ್ತೆ?" ಎಂದರು ಓನರು.

"ಇದೆ. ನಿಧಾನಕ್ಕಿದೆ."

"ಕಿವಿ ತೆಗೀಬೇಡ."

ಆಸ್ಪತ್ರೆ ಬರುವ ತನಕ ಆಂಟಿ ಕಿವಿ ತೆಗೆಯಲಿಲ್ಲ. ರಸ್ತೆಯ ಒಂದೊಂದು ಹಂಪ್‌ಗೂ ನನಗೆ ಸಿ.ಎಸ್. ಪುರದ ಹಸುವೇ ಕಣ್ಣ ಮುಂದೆ ಬರುತ್ತಿತ್ತು. ಅವರಿಗೂ ಅದೇ ಬರುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು.

ಅವರು ಉಳಿದರು. ಮಾತ್ರೆ ನಿಲ್ಲಿಸಿ, ಎದೆಗೆ ತಂತಿಗಳನ್ನು ಅಂಟಿಸಿ, ರಕ್ತ ಪರೀಕ್ಷೆ ಮಾಡುತ್ತಾ ಕೆಲವು ದಿನ ಮಲಗಿಸಿಕೊಂಡಿದ್ದರು. ಬಣ್ಣ ನಿಧಾನವಾಗಿ ಕಣ್ಣಿಗೆ ವಾಪಸು ಬಂತು. ನಾನು ನೋಡಲು ಹೋದಾಗ ಹಾಸಿಗೆಯ ಹೊದಿಕೆ ತೋರಿಸಿ, "ಇವತ್ತು ಬಿಳಿ" ಎಂದರು. ಅವರ ಮುಖದಲ್ಲಿ ಏನೋ ಗುಟ್ಟು ಸಿಕ್ಕವರ ಖುಷಿ ಇತ್ತು. "ಕಣಗಿಲೆ ತಿಂದ ದನಕ್ಕೆ ಏನ್ ಕಾಣ್ಸುತ್ತೆ ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ ನೋಡಿ. ಅದೂ ಹಳದಿ ನೋಡುತ್ತೋ ಏನೋ, ಪಾಪ, ಹೇಳೋಕೆ ಬಾಯಿಲ್ಲ."

"ಹೆಂಗಿತ್ತು ಸಾರ್ ಆ ಬಣ್ಣ?"

"ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿತ್ತು. ಸಂಜೆ ಬಿಸ್ಲು ಬೆಳಿಗ್ಗೇನೇ ಬಿದ್ದಂಗಿತ್ತು. ಮನೆ ಅಷ್ಟು ಚೆಂದ ಯಾವತ್ತೂ ಕಂಡಿರ್ಲಿಲ್ಲ. ಪೇಂಟರ್‌ನ ಸುಮ್ನೆ ಬೈದ್ಬಿಟ್ಟೆ."

ಆಂಟಿ ಪಕ್ಕದ ಸ್ಟೂಲಿನಲ್ಲಿ ಕೂತು ಮೋಸಂಬಿ ಸುಲಿಯುತ್ತಾ ಇದನ್ನು ಕೇಳಿಸಿಕೊಂಡರು.

ಮನೆಗೆ ಬಂದ ಕೆಲವು ವಾರಗಳ ಮೇಲೆ ಡಾಕ್ಟರು ಅದೇ ಮಾತ್ರೆಯನ್ನು ಮೊದಲಿಗಿಂತ ಕಡಿಮೆ ಮಾಡಿ, ಮಧ್ಯೆ ಬಿಡುವಿನ ದಿನಗಳನ್ನು ಇಟ್ಟು ಮತ್ತೆ ಶುರು ಮಾಡಿದರು. ಈ ಸಲ ಓನರು ಗುಟ್ಟು ಮಾಡಲಿಲ್ಲ. ಬೆಳಿಗ್ಗೆ ನಾನು ಗುಬ್ಬಿ ಬಸ್ಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಎಕ್ಕದ ಗಿಡದ ಪಕ್ಕ ನಿಂತು, ನಾಲಗೆಯ ಮೇಲೆ ಮಾತ್ರೆ ಇಟ್ಟುಕೊಂಡು ಮೊದಲು ಆಂಟಿಗೆ, ಆಮೇಲೆ ನನಗೆ ತೋರಿಸುತ್ತಿದ್ದರು. ನುಂಗಿ ನೀರು ಕುಡಿದು, "ನೋಡ್ಕೊಳ್ಳಿ ಟೀಚರಮ್ಮ, ಒಂದೇ" ಎನ್ನುವರು. ಹಾಲಿನವರು, ಪೇಪರಿನವರು, ಎದುರು ಮನೆಯ ಪಮೇರಿಯನ್ ಎಲ್ಲರೂ ಸಾಕ್ಷಿ. ಬಿಡುವಿನ ದಿನ ಬರೀ ನಾಲಗೆ ಚಾಚಿ, "ಇವತ್ತು ರಜ" ಎನ್ನುವರು. ನನಗೆ ಬಸ್ಸು ತಪ್ಪಿದರೂ ಸರಿ, ಆ ನಾಲಗೆ ನೋಡದೆ ಹೊರಟರೆ ಅಂದು ಪಾಠ ಓಡುತ್ತಿರಲಿಲ್ಲ. ಆಂಟಿಯ ರಾಗಿ ಮಾಲ್ಟಿಗೆ ಬೆಲ್ಲ ಕಡಿಮೆಯಾಯಿತು, ಬಸ್ಸಾರಿಗೆ ಮರ್ಯಾದೆ ವಾಪಸು ಬಂತು.

ಹೀಗೆ ಅವರು ಕೆಲವು ವರ್ಷ ಚೆನ್ನಾಗಿ ಬದುಕಿದರು. ಆ ವರ್ಷಗಳು ನಮ್ಮೆಲ್ಲರಿಗೂ ಸಿಕ್ಕಿದ್ದು ದೊಡ್ಡ ಭಾಗ್ಯ ಎಂದೇ ನಾನು ತಿಳಿದಿದ್ದೇನೆ. ಹೋದ ಮಾಘದಲ್ಲಿ, ರಥಸಪ್ತಮಿಗೆ ಬೀದಿಗೆಲ್ಲ ಎಲೆ ಕೊಟ್ಟು ಮುಗಿಸಿದ ಮೇಲೆ ಒಂದು ಮಧ್ಯಾಹ್ನ, ಮುದ್ದೆ ಬಸ್ಸಾರು ಉಂಡು ಎಡಗಿವಿ ದಿಂಬಿಗೆ ಒತ್ತಿ ಮಲಗಿದವರು ಏಳಲಿಲ್ಲ. ಹೊತ್ತಾಯಿತೆಂದು ಎಬ್ಬಿಸಲು ಹೋದ ಆಂಟಿ ಮೊದಲು ಮಾಡಿದ್ದು ಎದೆಗೆ ಕಿವಿ ಇಟ್ಟದ್ದು. ಆಮೇಲೆ ಮೇಲೆ ಬಂದು ನನ್ನನ್ನು ಕರೆದರು. ನಾನು ಆ ಮನೆಯಲ್ಲಿ ಬಾಡಿಗೆಗೆ ಇದ್ದವಳು, ಆದರೆ ತಂದೆಯೇ ಹೋದ ಹಾಗೆ ಅತ್ತೆ.

ವರ್ಷದ ತಿಥಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಬೇಕೆಂದು ಆಂಟಿ ಅದೇ ಪೇಂಟರನ್ನು ಕರೆಸಿದರು. ಅವನು ಹಳೆಯ ರೂಢಿಯಂತೆ, "ವೈಟೇ ಅಲ್ವೇನಮ್ಮ?" ಎಂದ.

"ಬೇಡ" ಎಂದರು ಆಂಟಿ. "ಅವತ್ತು ಅವ್ರಿಗೆ ಕಾಣ್ತಲ್ಲ, ಆ ಬಣ್ಣ ಹೊಡಿ."

ಪೇಂಟರ್ ನನ್ನ ಮುಖ ನೋಡಿದ. ನಾನು ಆಸ್ಪತ್ರೆಯಲ್ಲಿ ಕೇಳಿದ ಮಾತನ್ನು ಅವನಿಗೆ ಹೇಳಿದೆ, ಬೆಳಿಗ್ಗೆಯೇ ಬಿದ್ದ ಸಂಜೆಯ ಬಿಸಿಲು ಎಂದು. ಅವನು ಒಂದು ಬಕೆಟ್ ಬಿಳಿಗೆ ಹಳದಿಯನ್ನು ಚೂರುಚೂರೇ ಬೆರೆಸುತ್ತಾ, ಕಡ್ಡಿಯಲ್ಲಿ ಎತ್ತಿ ಎತ್ತಿ ಆಂಟಿಗೆ ತೋರಿಸಿದ. ಆಂಟಿ ಸಾಕು ಎನ್ನುವವರೆಗೂ ಬೆರೆಸಿದ.

ಸಂಜೆ ನಾನು ಗುಬ್ಬಿಯಿಂದ ಬರುವ ಹೊತ್ತಿಗೆ ಮುಂದಿನ ಗೋಡೆ ಮುಗಿದಿತ್ತು. ಗೇಟಿನ ಪಕ್ಕ, ಎಕ್ಕದ ಗಿಡದ ಮೇಲ್ಗಡೆ ಮಾತ್ರ ಅಂಗೈ ಅಗಲ ಜಾಗ ಹಾಗೇ ಬಿಳಿಯಾಗಿ ಉಳಿದಿತ್ತು. ನಡುವೆ ಹಸಿರು ಗೂಡೊಂದು ತೂಗುತ್ತಿತ್ತು. ಪೇಂಟರಿಗೆ ಈ ಸಲ ಯಾರೂ ಹೇಳಿರಲಿಲ್ಲ.

ಚಿಟ್ಟೆ ಹಾರಿ ಹೋದ ಮೇಲೆ ಅವನು ಉಳಿದ ಬಣ್ಣ ಹಿಡಿದುಕೊಂಡು ಆ ಜಾಗ ಮುಚ್ಚಲು ಬಂದ. ಆಂಟಿ ಬೇಡ ಎಂದು ಕಳಿಸಿದರು. ಈಗ ನಮ್ಮ ಮನೆಯೆಲ್ಲ ಅವರು ನೋಡಿದ ಬಣ್ಣ. ಅಂಗೈಯಗಲ ಮಾತ್ರ ನಾವು ನೋಡಿದ್ದು. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ನಾನು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ, ಆಂಟಿ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ.